ಕೊನೆಯ ಕಂತೂ ದೇವಬಾಗದ ಜಗಲಿಯೂ

ಕಾವ್ಯವನ್ನು ಪರೀಕ್ಷಿಸತಕ್ಕವರು ಪಂಡಿತರು, ಕೇಳಿ ತಲೆದೂಗತಕ್ಕವರು ಪಾಮರರು ಎಂಬ ಒಂದು ವಿಭಾಗವನ್ನು ನಾವು ಬಹುಕಾಲದಿಂದ ಮಾಡಿಕೊಂಡು ಬಂದಿದ್ದೇವಾದರೂ, ಆ ವಿಭಾಗವನ್ನು ನಗುನಗುತ್ತ ಅಳಿಸಿಹಾಕಿದ ಒಬ್ಬ ಹೆಂಗಸು ನಮ್ಮ ಸಾಹಿತ್ಯದಲ್ಲಿಯೇ ಉಂಟು. ಮುದ್ದಣನ 'ಶ್ರೀರಾಮಾಶ್ವಮೇಧ'ದಲ್ಲಿ ಕಥೆ ಹೇಳುವ ಗಂಡನನ್ನು ನಡುನಡುವೆ ತಡೆದು, ಸಂಸ್ಕೃತದ ಭಾರಕ್ಕೆ ಗೊಣಗಿ, ವರ್ಣನೆ ನೀಳವಾದಾಗ ಬೇಸರವನ್ನು ಮರೆಮಾಚದೆ, ರಸವತ್ತಾದ ಎಡೆಯಲ್ಲಿ ಮನಸಾರೆ ಮೆಚ್ಚುವ ಮನೋರಮೆಯನ್ನು ಹೊಸಗನ್ನಡದ ಮೊದಲ ವಿಮರ್ಶಕಿಯೆಂದು ಕರೆದರೆ ತಪ್ಪಾಗಲಾರದು. ನಾನು ಮೂವತ್ತು ವರ್ಷ ಕನ್ನಡ ಶಾಲೆಯ ಮಾಸ್ತರನಾಗಿದ್ದು ಆಕೆಯ ಮಾತುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು. ಆದರೆ ಮನೋರಮೆಯ ಅರ್ಥವು ನನಗೆ ನಿಜವಾಗಿ ತಿಳಿದುದು ನಿವೃತ್ತನಾದ ಮೇಲೆ, 2020ರ ಫೆಬ್ರವರಿ 29ನೆಯ ಶನಿವಾರದ ರಾತ್ರಿ, ದೇವಬಾಗದಲ್ಲಿ, ನೆರೆಮನೆಯ ಜಗಲಿಯ ಮೇಲೆ.

ಆ ರಾತ್ರಿ ಝೀ ಮರಾಠಿ ವಾಹಿನಿಯಲ್ಲಿ 'ಸ್ವರಾಜ್ಯರಕ್ಷಕ ಸಂಭಾಜಿ' ಎಂಬ ಚಾರಿತ್ರಿಕ ಧಾರಾವಾಹಿಯು ಮುಗಿಯಿತು. 2017ರ ಸೆಪ್ಟೆಂಬರ್ 24ರಂದು ಮೊದಲಾಗಿ, ಎರಡು ವರ್ಷ ಐದು ತಿಂಗಳ ಕಾಲ ಈ ಕೇರಿಯ ರಾತ್ರಿಯೂಟದ ಹೊತ್ತನ್ನು ತನ್ನ ಇಷ್ಟದಂತೆ ಹಿಂದುಮುಂದು ಮಾಡಿದ್ದ ಕಥೆ ಅದು. ಬೆಳಗಿನ ಜಾವಕ್ಕೆ ದೋಣಿ ನೂಕಬೇಕಾದ ಗಂಡಸರು, ಮರುದಿನದ ಮೀನುಪೇಟೆಗೆ ಬುಟ್ಟಿ ಸಜ್ಜುಮಾಡಿಟ್ಟು ಬಂದ ಹೆಂಗಸರು, ಪರೀಕ್ಷೆಯ ಪುಸ್ತಕವನ್ನು ಕಂಕುಳಲ್ಲಿ ಹಿಡಿದೇ ಕುಳಿತ ಹುಡುಗರು, ಇವರೆಲ್ಲರ ನಡುವೆ ಗೋಡೆಗೆ ಒರಗಿ ಕುಳಿತ, ಊರಿಗೆಲ್ಲ 'ಆಯಿ' ಎನಿಸಿಕೊಂಡ ಆ ಮನೆಯ ವೃದ್ಧೆ. ಕಂತು ಮುಗಿದು ಪೆಟ್ಟಿಗೆಯನ್ನು ಆರಿಸಿದ ಮೇಲೆ ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತು ಕಡಲಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ಮಾತು ಮೊದಲಾಗಿ ನಡುರಾತ್ರಿಯವರೆಗೂ ನಡೆಯಿತು. ಆ ಮಾತು ಕೆಲವು ಎಡೆಗಳಲ್ಲಿ ಧಾರಾವಾಹಿಗಿಂತ ಮೇಲಾಗಿಯೂ ಕೆಲವು ಎಡೆಗಳಲ್ಲಿ ಅದಕ್ಕಿಂತ ಕೀಳಾಗಿಯೂ ನನಗೆ ಕಂಡುದರಿಂದ, ಕೃತಿಯನ್ನು ವಿಮರ್ಶಿಸುವಷ್ಟೇ ಶ್ರದ್ಧೆಯಿಂದ ಅದನ್ನೂ ವಿಮರ್ಶಿಸಬೇಕೆಂದು ತೋರಿತು.

ಕನ್ನಡ ನಾಡಿನ ಊರೊಂದು ಮರಾಠಿಯ ಕಥೆಗೆ ಇಷ್ಟು ಕರಗುವುದೇಕೆ ಎಂದು ಬಯಲುಸೀಮೆಯ ಓದುಗರು ಕೇಳಬಹುದು. ದೇವಬಾಗವೆಂಬುದು ಕಾಳೀನದಿಯು ಕಡಲನ್ನು ಸೇರುವಲ್ಲಿ, ಬಡಗಣ ದಡದಲ್ಲಿ, ಒಂದು ಮಗ್ಗುಲಿಗೆ ಹೊಳೆಯನ್ನೂ ಇನ್ನೊಂದು ಮಗ್ಗುಲಿಗೆ ಸಮುದ್ರವನ್ನೂ ಇಟ್ಟುಕೊಂಡು ಗಾಳಿಮರಗಳ ನೆರಳಿನಲ್ಲಿ ಮಲಗಿರುವ ಮರಳಿನ ನಾಲಗೆ. ಬಡಗಲಿಗೆ ಮಾಜಾಳಿಯನ್ನು ದಾಟಿದರೆ ಗೋವೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಕನ್ನಡ, ಭಜನೆಗೂ ಜಾತ್ರೆಯ ನಾಟಕಕ್ಕೂ ಬಹುಮಟ್ಟಿಗೆ ಮರಾಠಿ. ಒಬ್ಬನೇ ಮನುಷ್ಯನು ಬೆಳಗಿನಿಂದ ರಾತ್ರಿಯವರೆಗೆ ಮೂರು ಭಾಷೆಗಳಲ್ಲಿ ಬಾಳುವುದು ಇಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. ಈ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದುದು. ಆ ತೊಂಬತ್ತನಾಲ್ಕು ವರ್ಷಗಳ ಒಡನಾಟವು ರಾಜ್ಯಪುನರ್ವಿಂಗಡಣೆಯ ಒಂದು ರುಜುವಿನಿಂದ ಅಳಿಸಿಹೋಗುವಂಥದಲ್ಲ. ಅದೂ ಅಲ್ಲದೆ ಕಥಾನಾಯಕನ ತಂದೆಯು ಈ ಕರಾವಳಿಗೆ ಪರಕೀಯನಲ್ಲ. 1665ರಲ್ಲಿ ಶಿವಾಜಿಯು ಹಡಗುಗಳಲ್ಲಿ ಬಂದು ಬಸರೂರನ್ನು ಸೂರೆಗೊಂಡು, ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿ, ಅಂಕೋಲೆಯ ಮೇಲೆ ಹಾದು ಕಾರವಾರವನ್ನು ಮುಟ್ಟಿದಾಗ, ಇಲ್ಲಿ ಮೆಣಸಿನ ವ್ಯಾಪಾರಕ್ಕೆ ಕೋಠಿಯಿಟ್ಟಿದ್ದ ಇಂಗ್ಲಿಷರು ತಮ್ಮ ಪಾಲಿನ 112 ಪೌಂಡುಗಳನ್ನು ತೆತ್ತು ಉಸಿರುಬಿಟ್ಟರು. ಮಗನಾದ ಸಂಭಾಜಿಯ ಕಣ್ಣು ಕಾರವಾರದ ತೆಂಕಣ ಕಡಲಿನಲ್ಲಿರುವ ಅಂಜದೀವದ ಮೇಲಿದ್ದಿತು. ಅವನು ಅಲ್ಲಿ ಕೋಟೆ ಕಟ್ಟುವ ಮುನ್ನ ತಾವೇ ಕಟ್ಟಬೇಕೆಂದು 1682ರಲ್ಲಿ ಪೋರ್ತುಗೀಸರು ಅವಸರ ಮಾಡಿದರು. ಇನ್ನು ಹೊಳೆಯ ಮೇಲೆ ನಿಂತಿರುವ ಸದಾಶಿವಗಡವು ಸೋದೆಯ ಅರಸರದಾದರೂ, ನಮ್ಮ ಹುಡುಗರನ್ನು ಕೇಳಿದರೆ ಅದು ಶಿವಾಜಿಯದೇ. ಹುಡುಗರನ್ನು ಹಳಿಯುವುದೇಕೆ? 1883ರಲ್ಲಿ ಅಣ್ಣನ ಮನೆಗೆಂದು ಕಾರವಾರಕ್ಕೆ ಬಂದು, ಬೆಳುದಿಂಗಳಿನಲ್ಲಿ ಕಾಳೀನದಿಯ ಮೇಲೆ ದೋಣಿಯಲ್ಲಿ ತೇಲಿ, ಇದೇ ತೀರದಲ್ಲಿ 'ಪ್ರಕೃತಿರ ಪ್ರತಿಶೋಧ'ವೆಂಬ ನಾಟಕವನ್ನು ಬರೆದ ತರುಣ ರವೀಂದ್ರನಾಥರೂ ಹೊಳೆಯ ದಡದ ಗಿರಿದುರ್ಗವನ್ನು ಶಿವಾಜಿಯ ಹೆಸರಿನೊಡನೆಯೇ ನೆನೆದಿದ್ದಾರೆ.

ಚಾರಿತ್ರಿಕ ಕಥೆಯ ಮುಕ್ತಾಯಕ್ಕೆ ಪ್ರೇಕ್ಷಕನು ತೋರುವ ಪ್ರತಿಕ್ರಿಯೆಯಲ್ಲಿ ಮೊದಲು ಗಮನಿಸತಕ್ಕ ಸಂಗತಿಯೆಂದರೆ, ಅದರಲ್ಲಿ ಆಶ್ಚರ್ಯಕ್ಕೆ ಎಡೆಯೇ ಇಲ್ಲವೆಂಬುದು. 1689ರ ಫೆಬ್ರವರಿ ಮೊದಲ ದಿನ ಸಂಗಮೇಶ್ವರದಲ್ಲಿ ಸಂಭಾಜಿಯೂ ಅವನ ಸಖನಾದ ಕವಿ ಕಲಶನೂ ಮೊಗಲರ ಕೈಗೆ ಸಿಕ್ಕಿದುದೂ, ನಾನಾ ಚಿತ್ರಹಿಂಸೆಗಳ ತರುವಾಯ ಮಾರ್ಚ್ 11ರಂದು ಭೀಮಾತೀರದಲ್ಲಿ ಅವರ ವಧೆಯಾದುದೂ ಜಗಲಿಯ ಮೇಲಿದ್ದ ಎಲ್ಲರಿಗೂ ಮೊದಲ ಕಂತಿನ ಮೊದಲ ನಿಮಿಷದಿಂದಲೇ ಗೊತ್ತಿದ್ದಿತು. ಕರ್ಣನು ಸಾಯುವನೆಂದು ತಿಳಿದೇ ನಾವು ಪಂಪಭಾರತವನ್ನು ಓದುವುದಿಲ್ಲವೆ? ಗೊತ್ತಿರುವ ಸಾವಿನ ಕಡೆಗೆ ಎರಡೂವರೆ ವರ್ಷ ದಿನಕ್ಕೊಂದು ಹೆಜ್ಜೆಯಂತೆ ನಡೆದುಹೋಗುವ ಪ್ರೇಕ್ಷಕನು ಕೊನೆಗೆ ಪ್ರತಿಕ್ರಿಯಿಸುವುದು 'ಏನಾಯಿತು' ಎಂಬುದಕ್ಕಲ್ಲ. ಆದುದನ್ನು ಯಾವ ಕ್ರಮದಿಂದ ತನ್ನ ಮುಂದಿಟ್ಟರು ಎಂಬುದಕ್ಕೆ. ಆದುದರಿಂದಲೇ ಅವನ ಪ್ರತಿಕ್ರಿಯೆಯು, ಅವನಿಗೆ ಅರಿವಿಲ್ಲದಂತೆ, ಕಾವ್ಯಮೀಮಾಂಸೆಯ ಹಾದಿಗೆ ಬಂದುಬಿಡುತ್ತದೆ.

ಜಗಲಿಯಲ್ಲಿ ನಾನು ಕಂಡ ಮೊದಲ ಪ್ರತಿಕ್ರಿಯೆಯು ಮಾತಿನದಲ್ಲ, ಎದ್ದುಹೋಗುವಿಕೆಯದು. ಸೆರೆಸಿಕ್ಕ ಅರಸನ ಕಥೆ ಮೊದಲಾದಂದಿನಿಂದ ಆಯಿಯು ಪ್ರತಿರಾತ್ರಿಯೂ ಒಂದು ಹದಕ್ಕೆ ಬಂದಾಗ ಎದ್ದು ಹಿತ್ತಿಲಿಗೆ ಹೋಗುವಳು. ಕಣ್ಣೊರಸಿಕೊಂಡು ಮತ್ತೆ ಬಂದು ಕುಳಿತುಕೊಳ್ಳುವಳು. ಕೊನೆಯ ರಾತ್ರಿಯಂತೂ ಹೊಸ್ತಿಲಿನಿಂದೀಚೆಗೆ ಬರಲೇ ಇಲ್ಲ. ಇದು ಆಕೆಯೊಬ್ಬಳ ದೌರ್ಬಲ್ಯವೆಂದು ತಿಳಿಯಬಾರದು. ಅರಸನ ದೇಹದಂಡನೆಯ ದೃಶ್ಯಗಳನ್ನು ತೋರಿಸಬಾರದೆಂಬ ಬೇಡಿಕೆಯು ಮಹಾರಾಷ್ಟ್ರದಲ್ಲಿಯೇ ಎದ್ದಿದ್ದಿತು. ಭರತಮುನಿಯು ಯುದ್ಧ, ರಾಜ್ಯಭ್ರಂಶ, ಮರಣ, ನಗರದ ಮುತ್ತಿಗೆ ಇವನ್ನು ಅಂಕದೊಳಗೆ ಪ್ರತ್ಯಕ್ಷವಾಗಿ ಕಾಣಿಸದೆ ಪ್ರವೇಶಕದ ಮೂಲಕ ಸೂಚಿಸತಕ್ಕದ್ದೆಂದು ವಿಧಿಸಿದಾಗ ಅವನ ಮನಸ್ಸಿನಲ್ಲಿದ್ದುದು ಇಂಥ ಆಯಿಯಂದಿರೇ ಇರಬೇಕು. ವಿಧಿಗೆ ಅಪವಾದವಿಲ್ಲವೆಂದಲ್ಲ. ಭಾಸನು 'ಊರುಭಂಗ'ದಲ್ಲಿ ತೊಡೆಮುರಿದ ದುರ್ಯೋಧನನನ್ನು ರಂಗದ ಮೇಲೆಯೇ ಸಾಯಿಸಿದನು. ಆದರೆ ಆ ಸಾವಿನ ಮೊದಲು ಅವನ ಕೈಯಿಂದ ಕ್ಷಮೆಯ ಮಾತನ್ನು ಆಡಿಸಿ, ಮರಣವನ್ನು ಒಂದು ಬಗೆಯ ಮಾಗುವಿಕೆಯಾಗಿ ಮಾಡಿದನು. ಸಾವನ್ನು ತೋರಿಸುವ ಹಕ್ಕನ್ನು ಕವಿಯು ಹೀಗೆ ಸಂಪಾದಿಸಿಕೊಳ್ಳಬೇಕಾಗುತ್ತದೆ.

ನಮ್ಮ ಜಿಲ್ಲೆಯ ಯಕ್ಷಗಾನವು ಈ ತೊಡಕನ್ನು ಬಿಡಿಸಿದ ರೀತಿಯು ಶಾಸ್ತ್ರಕಾರನದಕ್ಕಿಂತಲೂ ಜಾಣತನದ್ದು. ಅಲ್ಲಿ ಸಾವನ್ನು ಮುಚ್ಚಿಡುವುದೂ ಇಲ್ಲ, ಮೆಯ್ಯ ಮೇಲೆ ರಕ್ತ ಬಳಿದು ಮೆರೆಸುವುದೂ ಇಲ್ಲ. ಕೀಚಕನು ಸಾಯುತ್ತಾನೆ, ಚಂಡೆ ಮದ್ದಲೆಗಳ ಅಬ್ಬರದ ನಡುವೆ ಕುಸಿಯುತ್ತಾನೆ, ಮರುಗಳಿಗೆಯಲ್ಲಿ ಆ ಪಾತ್ರಧಾರಿಯು ಎದ್ದು, ಬೆನ್ನು ತೋರಿಸಿ, ಚೌಕಿಗೆ ನಡೆದುಹೋಗುತ್ತಾನೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಕಂಡವರು ಬಲ್ಲರು: ಅವನ ಕಾಮದ ಉರಿಯಲ್ಲಿ ಪ್ರೇಕ್ಷಕನೂ ಬೆಂದು, ಅವನ ಸಾವಿನಿಂದ ತಾನೂ ತಂಪಾಗಿ ಮನೆಗೆ ಹೋಗುತ್ತಿದ್ದನೇ ಹೊರತು, ಅವನ ಪಕ್ಕೆಲುಬುಗಳು ಎಷ್ಟು ಮುರಿದುವೆಂದು ಎಣಿಸುತ್ತಿರಲಿಲ್ಲ. ಇದರೊಡನೆ 2025ರ ಫೆಬ್ರವರಿಯಲ್ಲಿ ಬಂದ 'ಛಾವಾ' ಚಲನಚಿತ್ರವನ್ನು ಹೋಲಿಸಿ ನೋಡಬೇಕು. (ನಮ್ಮ ಕೊಡಗಿನ ಹುಡುಗಿಯೊಬ್ಬಳು ಅದರಲ್ಲಿ ಸಂಭಾಜಿಯ ರಾಣಿ ಯೇಸೂಬಾಯಿಯಾಗಿದ್ದಳೆಂಬ ಅಭಿಮಾನವು ಈ ಕೇರಿಯಲ್ಲಿಯೂ ಉಂಟು.) ಅದೇ ಅರಸನ ಅದೇ ಸಾವನ್ನು ಅದು ಉಗುರು ಉಗುರಾಗಿ, ಕಣ್ಣು ಕಣ್ಣಾಗಿ, ದೀರ್ಘವಾಗಿ ತೋರಿಸಿತು. ಪ್ರೇಕ್ಷಕರು ಅತ್ತುದೂ ನಿಜ, ಘೋಷಣೆ ಕೂಗಿದುದೂ ನಿಜ. ಆದರೆ ಆ ಅಳುವು ಕರುಣರಸದ್ದೆಂದು ಹೇಳಲು ನನ್ನ ನಾಲಗೆ ಏಳದು. ಗಾಯವನ್ನು ಕಂಡು ಹಿಂಡಿದ ಕರುಳಿಗೂ, ಶೋಕವು ಶ್ಲೋಕವಾದುದನ್ನು ಕಂಡು ಕರಗಿದ ಹೃದಯಕ್ಕೂ ಅಂತರವುಂಟು. ಆಯಿಯು ಎದ್ದುಹೋದುದು ಕೃತಿಯ ತಿರಸ್ಕಾರವಾಗಿರಲಿಲ್ಲ. ಕೃತಿಯು ನಿಲ್ಲಬೇಕಾದ ಎಡೆ ಯಾವುದೆಂದು ಆಕೆ ತನ್ನ ಕಾಲಿನಿಂದ ಬರೆದು ತೋರಿಸಿದ ಗೆರೆಯಾಗಿದ್ದಿತು.

ಆದರೂ ಇಲ್ಲಿಯೇ ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು. ನೋಡಲಾರೆನೆಂದು ಏಳುವುದು ಬೇರೆ, ಯಾರೂ ನೋಡಕೂಡದೆಂದು ನಿಲ್ಲಿಸಹೊರಡುವುದು ಬೇರೆ. ಮೊದಲನೆಯದು ರಸಿಕನ ಸ್ವಾತಂತ್ರ್ಯ, ಎರಡನೆಯದು ಕೊತ್ವಾಲನ ಕೆಲಸ. ಬೇಡಿಕೆಯಿಟ್ಟವರ ತೀರ್ಮಾನವು ಭರತನದಕ್ಕೆ ಒಪ್ಪುವಂತಿದ್ದರೂ ಅವರ ಕಾರಣವು ಭರತನದಾಗಿರಲಿಲ್ಲ.

ಎರಡನೆಯ ಪ್ರತಿಕ್ರಿಯೆಯು ತರುಣರದು; ಅದು ಸಿಟ್ಟು. ಅರಸನು ಸೆರೆಸಿಕ್ಕುವುದಕ್ಕೆ ಯಾರೋ ಒಬ್ಬನು ಸುಳಿವು ಕೊಟ್ಟಿರಲೇಬೇಕು, ಅವನು ಯಾರು, ಅವನ ವಂಶ ಯಾವುದು, ಅವನ ಮಕ್ಕಳ ಮಕ್ಕಳು ಈಗ ಎಲ್ಲಿದ್ದಾರೆ, ಹೀಗೆ ಆ ಸಿಟ್ಟು ಮುನ್ನೂರ ಮೂವತ್ತು ವರ್ಷಗಳನ್ನು ಒಂದೇ ನೆಗೆತಕ್ಕೆ ದಾಟಿ ಇವತ್ತಿನ ಬೀದಿಗೆ ಇಳಿಯಿತು. ಇದು ಅಪಾಯದ ನೆಗೆತ. ಮುಂದೆ 'ಛಾವಾ' ಚಿತ್ರದಲ್ಲಿ ತಮ್ಮ ಪೂರ್ವಜರನ್ನು ದ್ರೋಹಿಗಳಾಗಿ ಚಿತ್ರಿಸಿದ್ದಾರೆಂದು ಶಿರ್ಕೆ ಮನೆತನದವರು ಆಕ್ಷೇಪಿಸಿ, ನಿರ್ದೇಶಕರು ಕ್ಷಮೆ ಕೋರಬೇಕಾಗಿ ಬಂದುದನ್ನು ಓದಿದಾಗ, ಆ ರಾತ್ರಿಯ ಜಗಲಿಯ ಮಾತೇ ನನಗೆ ನೆನಪಾಯಿತು. ಕಥೆಯೊಂದು ಪ್ರೇಕ್ಷಕನನ್ನು ನ್ಯಾಯಾಧೀಶನ ಪೀಠದಲ್ಲಿ ಕುಳ್ಳಿರಿಸಿದರೆ ಅವನು ಶಿಕ್ಷೆ ವಿಧಿಸದೆ ಏಳುವುದಿಲ್ಲ. ಆರೋಪಿಗಳೆಲ್ಲ ಮಣ್ಣಾಗಿ ಹೋಗಿದ್ದರೆ ಅವರ ಹೆಸರು ಹೊತ್ತವರನ್ನು ಹುಡುಕಿಕೊಂಡು ಹೋಗುತ್ತಾನೆ.

ಈ ದೋಷದ ಹೊಣೆಯನ್ನು ತರುಣರ ತಲೆಗೇ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಧಾರಾವಾಹಿಯ ಗುಣವೂ ಅವಗುಣವೂ ಇಲ್ಲಿ ಒಂದೇ ಬೇರಿನಿಂದ ಹುಟ್ಟಿವೆ. ಬಖರುಗಳೂ ಹಳೆಯ ಮರಾಠಿ ನಾಟಕಗಳೂ ಸಂಭಾಜಿಯನ್ನು ವ್ಯಸನಿ, ದುಡುಕಿನವನು, ತಂದೆಯ ಹೆಸರಿಗೆ ಕುಂದು ತಂದವನು ಎಂದೇ ಬಹುಕಾಲ ಚಿತ್ರಿಸುತ್ತ ಬಂದಿದ್ದುವು. ವಾ. ಸೀ. ಬೇಂದ್ರೆಯವರು ಹಲವು ವರ್ಷಗಳ ದಫ್ತರ ಶೋಧನೆಯ ಫಲವಾಗಿ 1960ರಲ್ಲಿ ಪ್ರಕಟಿಸಿದ ಚರಿತ್ರೆಯು ಆ ಚಿತ್ರವನ್ನು ಅಲುಗಾಡಿಸಿತು. ಸಂಸ್ಕೃತದಲ್ಲಿ 'ಬುಧಭೂಷಣ'ವನ್ನು ರಚಿಸಿದ ವಿದ್ವಾಂಸ, ಮೊಗಲ, ಸಿದ್ದಿ, ಪೋರ್ತುಗೀಸ ಈ ಮೂರು ಬಲಗಳನ್ನು ಒಂಬತ್ತು ವರ್ಷ ಒಂಟಿಯಾಗಿ ತಡೆದ ಸೇನಾನಿ, ಕಾಣಿಸಿಕೊಂಡನು. 1979ರಲ್ಲಿ ಬಂದ ಶಿವಾಜಿ ಸಾವಂತರ ಕಾದಂಬರಿಯು ಆ ಹೊಸ ಅರಸನನ್ನು ಓದುಬಲ್ಲವರ ಮನೆಗೆ ತಂದಿತು. ಧಾರಾವಾಹಿಯು ಓದಲಾರದವರ ಜಗಲಿಗೂ ತಂದಿತು. ಆಯಿಯಂಥವರಿಗೆ ಇದು ಅಲ್ಪವಾದ ಉಪಕಾರವಲ್ಲ. ಅಮೋಲ್ ಕೋಲ್ಹೆಯವರ ನಾಯಕನಲ್ಲಿ ಗಾಂಭೀರ್ಯವುಂಟು, ವಾಕ್ಕಿನ ಮೇಲೆ ಹಿಡಿತವುಂಟು. ಮರಾಠಿ ಅರ್ಧ ತಿಳಿದವನಿಗೂ ಆ ಧ್ವನಿಯ ಏರಿಳಿತದಿಂದಲೇ ಅರ್ಥ ತಿಳಿಯುವಂತಿದ್ದಿತು. ಮೊದಲು ಶಿವಾಜಿಯಾಗಿ, ಆಮೇಲೆ ಶಿವಾಜಿಯ ಮಗನಾಗಿ ನಟಿಸಿದ ಅವರನ್ನು, ಧಾರಾವಾಹಿಯು ಇನ್ನೂ ನಡೆಯುತ್ತಿರುವಾಗಲೇ, 2019ರಲ್ಲಿ ಶಿರೂರಿನ ಮತದಾರರು ಲೋಕಸಭೆಗೆ ಕಳುಹಿಸಿದರು. ಸಂಭಾಜಿಯ ಸಮಾಧಿಯಿರುವ ವಢೂ ಗ್ರಾಮವು ಆ ಕ್ಷೇತ್ರದಲ್ಲಿಯೇ ಇದೆ. ಪ್ರೇಕ್ಷಕನ ಪ್ರತಿಕ್ರಿಯೆಯು ಮತಪೆಟ್ಟಿಗೆಯವರೆಗೂ ನಡೆಯಬಲ್ಲುದೆಂಬುದು ಹೊಸ ಮಾತಲ್ಲ. ರಾಮಾಯಣದ ಧಾರಾವಾಹಿಯ ಸೀತೆಯನ್ನು 1991ರಲ್ಲಿ ಗುಜರಾತದವರು ಆರಿಸಿದಾಗ, ಅದೇ ಧಾರಾವಾಹಿಯ ರಾವಣನನ್ನೂ ಬಿಡಲಿಲ್ಲ. ಇಬ್ಬರೂ ಒಂದೇ ಪಕ್ಷದಿಂದ, ಒಂದೇ ಸಭೆಯಲ್ಲಿ ಕುಳಿತರು. ವಾಲ್ಮೀಕಿಗೂ ಹೊಳೆಯದ ಉಪಸಂಹಾರ!

ಆದರೆ ಅಪವಾದವನ್ನು ಕಳೆಯುವ ಆತುರದಲ್ಲಿ ನಾಯಕನನ್ನು ಅಪವಾದಾತೀತನನ್ನಾಗಿ ಮಾಡಿಬಿಟ್ಟರೆ ದುರಂತಕ್ಕೆ ಬೇಕಾದ ಬಿರುಕೇ ಉಳಿಯುವುದಿಲ್ಲ. ತಂದೆಯು ಬದುಕಿರುವಾಗಲೇ, 1678ರಲ್ಲಿ, ಸಂಭಾಜಿಯು ಮುನಿದು ಮೊಗಲ ಸರದಾರ ದಿಲೇರಖಾನನ ಪಾಳೆಯಕ್ಕೆ ಹೋಗಿ, ಮರುವರ್ಷ ಹಿಂದಿರುಗಿದ ಸಂಗತಿಯನ್ನು ನಾನು ಜಗಲಿಯಲ್ಲಿ ಎತ್ತಿದಾಗ ಕುಳಿತವರ ಮುಖಗಳು ಬಿಗಿದುವು. ಒಬ್ಬ ಹುಡುಗನು 'ಮಾಸ್ತರೇ, ಇವತ್ತು ಒಂದು ದಿನ ಅದನ್ನು ಬಿಡಿ' ಎಂದನು. ಬಿಟ್ಟೆನು. ಅವನ ಮನಸ್ಸು ನೋಯುವುದು ನನಗೆ ಬೇಡವಾಗಿದ್ದಿತು. ಆದರೆ ಇಲ್ಲಿ ಬಿಡಲಾರೆ. ತಪ್ಪಿ ನಡೆದವನು ತಪ್ಪಿಗೆ ಸಾವಿರ ಪಾಲು ಮಿಗಿಲಾದ ಸಾವನ್ನು ತಲೆಬಾಗದೆ ಸ್ವೀಕರಿಸಿದನೆಂಬಲ್ಲಿ ಇರುವ ಎತ್ತರವು, ತಪ್ಪನ್ನೇ ಅರಿಯದವನು ಸತ್ತನೆಂಬಲ್ಲಿ ಇರಲಾರದು. ಪಂಪನು ಕರ್ಣನನ್ನು ನಮಗೆ ಕೊಟ್ಟುದು, ರನ್ನನು ಛಲದಂಕಮಲ್ಲನಾದ ದುರ್ಯೋಧನನನ್ನು ಕೊಟ್ಟುದು, ಅವರ ಕಲೆಗಳನ್ನು ತೊಳೆದಲ್ಲ. ರನ್ನನಿಗಂತೂ ಪಟ್ಟ ಕಟ್ಟಬೇಕಾಗಿದ್ದುದು ತನ್ನ ಒಡೆಯನೊಡನೆ ಸಮೀಕರಿಸಿದ ಭೀಮನಿಗೆ. ಓದುಗನ ಕಣ್ಣೀರು ಮಾತ್ರ ವೈಶಂಪಾಯನ ಸರೋವರದ ಕಡೆಗೇ ಹರಿಯಿತು. ಆ ಬಗೆಯ ಎರಡು ಮನಸ್ಸನ್ನು ಹುಟ್ಟಿಸುವ ಧೈರ್ಯವು ಈ ಧಾರಾವಾಹಿಗೆ ಬರಲಿಲ್ಲ. ಕೇಡಿಗರ ಮುಖ ಕಂಡೊಡನೆ ಒಂದೇ ಗತಿಯ ವಾದ್ಯ, ಒಂದು ಮಾತಿಗೆ ಆರು ಮುಖಗಳ ಸರದಿ, ಇವೆಲ್ಲ ನಮ್ಮ ಕಿರುತೆರೆಗೆ ಅಂಟಿದ ಚಾಳಿಗಳು. ಎರಡೂವರೆ ವರ್ಷ ಇಂಥ ಶಿಕ್ಷಣ ಪಡೆದ ತರುಣರು ಕೊನೆಯ ರಾತ್ರಿ ದ್ರೋಹಿಯನ್ನು ಹುಡುಕಿದರೆ, ಪಾಠವನ್ನು ಚೆನ್ನಾಗಿ ಕಲಿತರೆಂದೇ ಹೇಳಬೇಕಷ್ಟೆ.

ಇನ್ನು ಮೂರನೆಯ ಪ್ರತಿಕ್ರಿಯೆ. ಅದು ಬಂದುದು ಹನ್ನೊಂದು ಗಂಟೆಯ ಮೇಲೆ, ಎಲ್ಲರೂ ದಣಿದ ಹೊತ್ತಿಗೆ, ರಂಪಣಿ ಬಲೆಯ ಹಗ್ಗ ಎಳೆದು ಎಳೆದು ಅಂಗೈ ದೊರಗಾದ ಒಬ್ಬ ಗೃಹಸ್ಥನಿಂದ. ಅವನು ಕೇಳಿದ್ದು ಒಂದೇ ಶಬ್ದ: 'ಮುಂದೆ?' ಒಡನೆಯೇ ಹೆಂಗಸರೂ ಸೇರಿಕೊಂಡರು. ಯೇಸೂಬಾಯಿಯ ಗತಿ ಏನಾಯಿತು? ಮಗು ಏನಾಯಿತು? ತಮ್ಮನು ಎಲ್ಲಿಗೆ ಹೋದ?

ಪ್ರೇಕ್ಷಕರ ಎಲ್ಲ ಪ್ರತಿಕ್ರಿಯೆಗಳಲ್ಲಿ ಶ್ರೇಷ್ಠವಾದುದು ಇದೇ ಎಂದು ನನ್ನ ಮತ. ಹೀಗಾಗಬಾರದಿತ್ತು ಎಂಬ ಮಾತು ಕಥೆಯನ್ನು ಹಿಂದಕ್ಕೆ ಎಳೆಯುತ್ತದೆ. ಯಾರು ಕಾರಣ ಎಂಬ ಮಾತು ಅದನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. ಮುಂದೇನು ಎಂಬ ಮಾತೊಂದೇ ಅದಕ್ಕೆ ಉಸಿರು ಕೊಡುತ್ತದೆ. ಕನ್ನಡದ ಮಟ್ಟಿಗೆ ಈ ಪ್ರಶ್ನೆಯು ಒಂದು ಮಹಾಕಾವ್ಯವನ್ನೇ ಬೆಳೆಸಿದೆ. ಕುಮಾರವ್ಯಾಸನು ತನ್ನ ಭಾರತವನ್ನು ಗದಾಪರ್ವಕ್ಕೆ, ಧರ್ಮರಾಯನ ಪಟ್ಟಾಭಿಷೇಕದಲ್ಲಿ ನಿಲ್ಲಿಸಿದನು. ಹತ್ತು ಪರ್ವಗಳಿಗೆ ಅವನ ಕೃಷ್ಣಕಥೆಯು ಮುಗಿದಿದ್ದಿತು, ಕೇಳುವವರಿಗೆ ಮುಗಿದಿರಲಿಲ್ಲ. ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣಕವಿಯು ಉಳಿದ ಎಂಟು ಪರ್ವಗಳನ್ನು ರಚಿಸಿ, ಅದಕ್ಕೆ ತನ್ನ ಹೆಸರನ್ನೂ ಇಡದೆ, 'ಕೃಷ್ಣರಾಯ ಭಾರತ'ವೆಂದು ಒಡೆಯನ ಹೆಸರಿನಲ್ಲಿ ಲೋಕಕ್ಕೆ ಒಪ್ಪಿಸಿದನು. ಅವನು ಗದುಗಿನ ನಾರಣಪ್ಪನಷ್ಟು ದೊಡ್ಡ ಕವಿಯಲ್ಲ, ನಿಜ, ಆದರೂ 'ಮುಂದೆ?' ಎಂಬ ಪ್ರಶ್ನೆಯನ್ನು ಕೇಳಿ ಸುಮ್ಮನೆ ಕುಳಿತವನಲ್ಲ. ವಿಚಿತ್ರವೆಂದರೆ ದೂರದರ್ಶನದ ಮಹಾಭಾರತವೂ ತೊಂಬತ್ತನಾಲ್ಕು ಕಂತುಗಳ ಮೇಲೆ, 1990ರ ಜೂನ್ 24ರಂದು, ಹೆಚ್ಚು ಕಡಮೆ ಕುಮಾರವ್ಯಾಸನು ನಿಂತ ಎಡೆಯಲ್ಲಿಯೇ, ಪಟ್ಟಾಭಿಷೇಕವನ್ನೂ ಭೀಷ್ಮನಿರ್ಯಾಣವನ್ನೂ ತೋರಿಸಿ ನಿಂತಿತು. ಯಾದವರ ಕಲಹವನ್ನೂ ಮಹಾಪ್ರಸ್ಥಾನವನ್ನೂ ಆದಿತ್ಯವಾರದ ಬೆಳಗಿನ ಕಾಫಿಯೊಡನೆ ಬಡಿಸುವ ಮನಸ್ಸು ಅವರಿಗೂ ಬರಲಿಲ್ಲ.

ಅದಕ್ಕೆ ಎರಡು ವರ್ಷ ಮೊದಲು, 1988ರ ಜುಲೈ 31ರಂದು ರಾಮಾನಂದ ಸಾಗರರ ರಾಮಾಯಣವು ಪಟ್ಟಾಭಿಷೇಕದೊಡನೆ ಮುಗಿದಾಗ, ಮುಂದಿನ ಕಥೆ ಬೇಕೆಂದು ಹಟ ಹಿಡಿದವರು ಯಾರು? ಉತ್ತರ ಭಾರತದ ಪಟ್ಟಣಗಳ ಪೌರಕಾರ್ಮಿಕರು. ವಾಲ್ಮೀಕಿಯನ್ನು ತಮ್ಮ ಕುಲಗುರುವೆಂದು ಪೂಜಿಸುವ ಅವರು, ಆ ಋಷಿಯು ತಾನೇ ಪಾತ್ರವಾಗಿ ಬರುವ ಭಾಗವನ್ನು ಬಿಟ್ಟು ಕಥೆಯನ್ನು ಮುಗಿಸಕೂಡದೆಂದು ಪೊರಕೆ ಕೆಳಗಿಟ್ಟರು. ಬೀದಿಗಳಲ್ಲಿ ಕಸ ಬೆಳೆಯಿತು. ಕೊನೆಗೆ ಉತ್ತರರಾಮಾಯಣವು ತೆರೆಯ ಮೇಲೆ ಬಂದಿತು. ಒಂದು ಕೃತಿಯ ಸಂಧಿಗಳ ವಿಷಯದಲ್ಲಿ ಮುಷ್ಕರ ನಡೆದುದು ಅಲಂಕಾರಶಾಸ್ತ್ರದ ಇತಿಹಾಸದಲ್ಲಿಯೇ ಅಪೂರ್ವ. ಕನ್ನಡಕ್ಕೆ ಡಬ್ಬಿಂಗ್ ಮಾಡಿ 2020ರಲ್ಲಿ ತೋರಿಸಿದ ಅಂಬೇಡ್ಕರರ ಜೀವನದ 'ಮಹಾನಾಯಕ' ಧಾರಾವಾಹಿಯ ಪ್ರಸಾರವನ್ನು ನಿಲ್ಲಿಸಬೇಕೆಂಬ ಬೆದರಿಕೆ ಬಂದಿತೆಂದು ಕೇಳಿದಾಗ, ನಮ್ಮ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಜನರು ತಾವೇ ಹಣ ಕೂಡಿಸಿ ಅದರ ಫಲಕಗಳನ್ನು ನಿಲ್ಲಿಸಿದುದೂ ಇದೇ ಜಾತಿಯದು. ಕಥೆಯಲ್ಲಿ ತಮಗೂ ಪಾಲುಂಟೆಂದು ಬಲ್ಲವರು ಅದನ್ನು ಅರ್ಧಕ್ಕೆ ಬಿಡಲೊಲ್ಲರು.

ಜಗಲಿಯ ಪ್ರಶ್ನೆಗೆ ನಾನು ಉತ್ತರ ಹೇಳಬೇಕಾಯಿತು. ರಾಯಗಡವು ಆ ವರ್ಷವೇ ಬಿದ್ದು, ಯೇಸೂಬಾಯಿಯೂ ಬಾಲಕ ಶಾಹುವೂ ಮೊಗಲರ ವಶವಾದರು. ಮಗನಿಗೆ ಬಿಡುಗಡೆಯಾದುದು ಔರಂಗಜೇಬನು ಸತ್ತ 1707ರಲ್ಲಿ, ತಾಯಿಗೆ 1719ರಲ್ಲಿ. ಮೂವತ್ತು ವರ್ಷದ ಸೆರೆ! ಹೆಂಗಸರು ನಿಟ್ಟುಸಿರಿಟ್ಟರು, ಆ ಮೂವತ್ತು ವರ್ಷಗಳ ಮೇಲೆ ಯಾರಾದರೂ ಒಂದು ಧಾರಾವಾಹಿ ತೆಗೆಯಬಾರದೆ ಎಂದರು, ನನಗೂ ಹಾಗೆಯೇ ಅನಿಸಿತು. ಆದರೆ ತಮ್ಮನಾದ ರಾಜಾರಾಮನ ಕಥೆಗೆ ಬಂದಾಗ ನನ್ನ ಧ್ವನಿ ತಾನಾಗಿಯೇ ಏರಿತು. ಏಕೆಂದರೆ, ಮರಾಠಿ ಪ್ರೇಕ್ಷಕನಿಗೆ ಭೀಮಾತೀರದಲ್ಲಿ ಮುಗಿದ ಕಥೆಯು ಕನ್ನಡ ಪ್ರೇಕ್ಷಕನಿಗೆ ಅಲ್ಲಿಯೇ ಮೊದಲಾಗುತ್ತದೆ. ಹತ್ತೊಂಬತ್ತು ವರ್ಷದ ಆ ತರುಣನು ವೇಷ ಮರೆಸಿಕೊಂಡು, ಮೊಗಲ ದಂಡುಗಳ ಕಣ್ಣು ತಪ್ಪಿಸಿ ತೆಂಕಣಕ್ಕೆ, ದೂರದ ಜಿಂಜಿಯ ಕೋಟೆಗೆ ಹೊರಟಾಗ ಅವನ ಹಾದಿಗೆ ಅಡ್ಡವಾಗಿದ್ದುದು ಕೆಳದಿಯ ರಾಜ್ಯ. ಅದರ ಒಡತಿ ಚೆನ್ನಮ್ಮಾಜಿ, ಗಂಡನನ್ನು ಕಳೆದುಕೊಂಡು 1672ರಿಂದ ಆಳುತ್ತಿದ್ದವಳು. ದಿಲ್ಲಿಯ ಬಾದಶಹನ ಹಗೆಯನ್ನು ಕಟ್ಟಿಕೊಳ್ಳುವುದೆಂದರೆ ಏನೆಂಬುದನ್ನು ಬಲ್ಲ ಮಂತ್ರಿಗಳು ಅವಳಲ್ಲಿದ್ದರು. ಮೂರು ವರ್ಷಗಳ ಹಿಂದಷ್ಟೇ ಬಿಜಾಪುರವೂ, ಎರಡು ವರ್ಷಗಳ ಹಿಂದೆ ಗೋಲ್ಕೊಂಡೆಯೂ ನೆಲಕಚ್ಚಿದ್ದುವು. ಆದರೂ ಮರೆಹೊಕ್ಕವನನ್ನು ಆಕೆ ಕೈಬಿಡಲಿಲ್ಲ. ಅವನನ್ನು ಸುರಕ್ಷಿತವಾಗಿ ದಾಟಿಸಿದಳು. ಬೆನ್ನಟ್ಟಿ ಬಂದ ಮೊಗಲ ಸೇನೆಯನ್ನು ಮಲೆನಾಡಿನ ಕಣಿವೆಗಳಲ್ಲಿ ಎದುರಿಸಿ ನಿಂತಳು. ಲಿಂಗಣ್ಣಕವಿಯ 'ಕೆಳದಿನೃಪವಿಜಯ'ವು ಈ ವೃತ್ತಾಂತವನ್ನು ಹೇಳಿದೆ.

ಇದನ್ನು ಕೇಳಿದ ಮೇಲೆ ಜಗಲಿಯಲ್ಲಿ ಆದ ಬದಲಾವಣೆಯನ್ನು ಬಣ್ಣಿಸುವುದು ಕಷ್ಟ. ಸಿಟ್ಟಿನಿಂದ ಕುದಿಯುತ್ತಿದ್ದ ಹುಡುಗರೇ ಮೊದಲು ಮೆತ್ತಗಾದರು. ದ್ರೋಹಿಯ ಹೆಸರಿಗಾಗಿ ಅರ್ಧ ಗಂಟೆ ಕಾದಾಡಿದವರು ಈಗ ಆಶ್ರಯ ಕೊಟ್ಟವಳ ಹೆಸರನ್ನು ಎರಡು ಸಲ ಹೇಳಿಸಿಕೊಂಡರು. ಅವರಲ್ಲೊಬ್ಬನು, 'ಇದು ನಮ್ಮ ಶಾಲೆಯ ಪುಸ್ತಕದಲ್ಲಿ ಇತ್ತಲ್ಲ, ಆದರೆ ಅದೂ ಇದೂ ಒಂದೇ ಕಥೆಯೆಂದು ಯಾರೂ ಹೇಳಲಿಲ್ಲ' ಎಂದು ನನ್ನ ಮುಖವನ್ನೇ ನೋಡಿದನು. ಅವನಿಗೆ ಐದನೆಯ ಇಯತ್ತೆಯಲ್ಲಿ ಆ ಪಾಠ ಹೇಳಿದವನು ನಾನೇ. ನಾವು ಮಾಸ್ತರರು ಕೆಳದಿಯನ್ನು ಒಂದು ಪಾಠದಲ್ಲಿಯೂ ಮರಾಠರನ್ನು ಇನ್ನೊಂದು ಪಾಠದಲ್ಲಿಯೂ ಇಟ್ಟು, ನಡುವೆ ಒಂದು ರಜೆಯನ್ನು ಹಾಕಿಬಿಡುತ್ತೇವೆ. ಧಾರಾವಾಹಿಗೆ ನಾಯಕನೊಡನೆ ಕಥೆಯನ್ನೂ ಸಾಯಿಸುವ ದುರಭ್ಯಾಸವಾದರೆ, ಪಠ್ಯಪುಸ್ತಕಕ್ಕೆ ರಾಜ್ಯದ ಗಡಿಯಲ್ಲಿ ಕಥೆಯನ್ನು ಸಾಯಿಸುವ ದುರಭ್ಯಾಸ.

ನನ್ನ ಮುಖ್ಯ ಆಕ್ಷೇಪವೂ ಇದೇ. ಅರಸನು ಸತ್ತನೆಂಬುದಕ್ಕೆ ಅಲ್ಲ, ಅವನ ಸಾವಿನ ಮೇಲೆ ತೆರೆಯು ಹಾಗೆಯೇ ಬಿದ್ದುಬಿಟ್ಟಿತೆಂಬುದಕ್ಕೆ. ನಮ್ಮ ಕಡೆಯ ಆಟಗಳಲ್ಲಿ ಎಂಥ ಘೋರ ವಧೆಯ ಪ್ರಸಂಗವೇ ಆಗಲಿ, ಬೆಳಕು ಹರಿಯುವ ಹೊತ್ತಿಗೆ ಭಾಗವತರು ಮಂಗಳ ಹಾಡದೆ ಜಾಗಟೆಯನ್ನು ಕೆಳಗಿಡುವುದಿಲ್ಲ. ಅದು ಸುಖಾಂತವಲ್ಲ. ಸತ್ತವರು ಬದುಕಿಬರುವುದಿಲ್ಲ, ಸೋತವರು ಗೆಲ್ಲುವುದಿಲ್ಲ. ರಾತ್ರಿಯೆಲ್ಲ ಬೇರೊಂದು ಲೋಕದಲ್ಲಿ ಇದ್ದವರನ್ನು ಕೈಹಿಡಿದು ಗದ್ದೆಯ ಬದುವಿಗೆ, ಕಡಲ ದಂಡೆಗೆ, ದಿನದ ಕೆಲಸಕ್ಕೆ ತಂದುಬಿಡುವ ಸೌಜನ್ಯ ಅದು. ಕೆರೆಮನೆ ಶಿವರಾಮ ಹೆಗಡೆಯವರ ಕಾಲದ ಆಟಗಳನ್ನು ಕಂಡ ಹಿರಿಯರು, ಮಂಗಳ ಮುಗಿಯುವ ಮೊದಲೇ ಕಂಬಳಿ ಕೊಡವಿಕೊಂಡು ಏಳುವವನನ್ನು ಅರಸಿಕನೆಂದು ಬೈಯುತ್ತಿದ್ದರಂತೆ. ನಮ್ಮ ಜಗಲಿಯವರು ಪೆಟ್ಟಿಗೆ ಆರಿಸಿದ ಮೇಲೂ ಏಳದೆ ಕುಳಿತುದು, ಯಾರೂ ಹಾಡದ ಆ ಮಂಗಳವನ್ನು ಕಾಯುತ್ತ ಎಂದೇ ನಾನು ತಿಳಿದಿದ್ದೇನೆ.

ಅಂದಿನಿಂದ ತಿಂಗಳಾಗುವುದರೊಳಗೆ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಿತು. ದೋಣಿಗಳನ್ನು ಗಾಳಿಮರಗಳ ಕೆಳಗೆ ಎಳೆದು ಹಾಕಿದರು. ದೂರದರ್ಶನದವರು ಮಾರ್ಚ್ 28ರಿಂದ ಹಳೆಯ ರಾಮಾಯಣವನ್ನೇ ಮತ್ತೆ ತೋರಿಸತೊಡಗಿದರು. ಆಯಿಯ ಮನೆಯವರು ಕಾಳಿಗೆ ಸೇತುವೆಯಾಗುವ ಮೊದಲು ತಲೆಮಾರುಗಳಿಂದ ಹೊಳೆ ದಾಟಿಸುವ ದೋಣಿ ನಡೆಸಿದವರು. ಒಂದು ಸಂಜೆ, ರಾಮನು ದೋಣಿಯಲ್ಲಿ ಗಂಗೆಯನ್ನು ದಾಟಿದ ಕಂತು ಮುಗಿದ ಮೇಲೆ, ಆಕೆ ಬೇಲಿಯಾಚೆಯಿಂದ ನನ್ನನ್ನು ಕರೆದು, ಅರಸನ ತಮ್ಮ ತಪ್ಪಿಸಿಕೊಂಡು ಹೋದ ಎಂದಿರಲ್ಲ, ಅವನು ನಮ್ಮ ಹೊಳೆಯ ಮೇಲೆ ಹೋದನೇ ಎಂದು ಕೇಳಿದಳು. ಹಾಗೆ ಹೇಳಲು ಆಧಾರವಿಲ್ಲ ಆಯಿ, ಅವನ ಹಾದಿ ಘಟ್ಟದ ಮೇಲಿನದು ಎಂದೆನು. ಆಕೆಗೆ ಅದು ಒಪ್ಪಿಗೆಯಾಗಲಿಲ್ಲವೆಂಬುದು ಮುಖದಲ್ಲಿಯೇ ತಿಳಿಯಿತು. ಒಂದು ಗಳಿಗೆ ಹೊಳೆಯ ಕಡೆ ನೋಡುತ್ತ ನಿಂತಿದ್ದು, ತನ್ನ ಕೊಂಕಣಿಯಲ್ಲಿ ಅಂದಳು:

'ಈ ಕಡೆ ಬಂದಿದ್ದರೆ ನಮ್ಮವರು ದಾಟಿಸುತ್ತಿದ್ದರು, ಮಾಸ್ತರೇ. ಕಾಸು ಕೇಳುತ್ತಿರಲಿಲ್ಲ.'